ತಗಡಿನ ಬಿಳಿ ಮಗ್ಗುಲು

ಹಲ್ಲು ಮಸೆಯುವುದೇ ತಂಗಿಯ ಕಸುಬು. ಇದು ಬೈಗುಳವಲ್ಲ. ಕಟ್ಟು ಹಲ್ಲು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ಯಾರದೋ ಬಾಯಿಗೆ ಹೋಗಬೇಕಾದ ದವಡೆ ಹಲ್ಲನ್ನು ತಿರುಗುವ ಕಲ್ಲಿಗೆ ಹಿಡಿದು ನಯ ಮಾಡುವುದು ಅವಳಿಗೆ ಸಂಬಳ ಬರುವ ಕೆಲಸ. ಸಂಬಳವಿಲ್ಲದೆ ಅವಳು ಹಲ್ಲು ಮಸೆಯುತ್ತಿದ್ದದ್ದು ಒಬ್ಬಳ ಮೇಲೆ ಮಾತ್ರ. ಅದು ಅವಳ ಸ್ವಂತ ಅಕ್ಕ.

ಅಕ್ಕ ಎಂಥವಳೆಂದರೆ, ಸುಳ್ಳು ಹೇಳಲು ಬಾರದವಳು. ಹಾಗಂತ ಮನೆಯಲ್ಲೆಲ್ಲ ಹೆಸರು. ಚಿಕ್ಕಂದಿನಲ್ಲಿ ಹೂಕುಂಡ ಒಡೆದವರು ಯಾರು ಎಂದು ಅಪ್ಪ ಕೇಳಿದರೆ ಅಕ್ಕನ ಬೆರಳು ತಾನಾಗಿ ತಂಗಿಯ ಕಡೆ ತಿರುಗುತ್ತಿತ್ತು. ನನ್ನ ದೊಡ್ಡ ಮಗಳ ಬಾಯಲ್ಲಿ ಸುಳ್ಳು ನಿಲ್ಲುವುದಿಲ್ಲ ಎಂದು ಅಪ್ಪ ಬಂದವರೆದುರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದರು. ಆದರೆ ಸುಳ್ಳಿಲ್ಲದೆ ಯಾವ ಸಂಸಾರ ನಡೆಯುತ್ತದೆ? ಬೇಡದ ನೆಂಟರು ಬಾಗಿಲು ಬಡಿದಾಗ ‘ಅಪ್ಪ ಅಮ್ಮ ಮನೇಲಿಲ್ಲ’ ಎನ್ನಲು, ಅಮ್ಮ ಮಾಡಿದ ಉಪ್ಪಿಲ್ಲದ ಸಾರನ್ನು ಹೊಗಳಲು ಒಬ್ಬರಾದರೂ ಬೇಕಲ್ಲ. ಆ ಕೆಲಸಗಳೆಲ್ಲ ತಂಗಿಯ ಪಾಲಿಗೆ ಬಂದವು. ಹೆಸರು ಅಕ್ಕನಿಗೆ, ದುಡಿಮೆ ತಂಗಿಗೆ.

ಇಷ್ಟೇ ಆಗಿದ್ದರೆ ತಂಗಿ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಮದುವೆಯ ಮಾತು ನಡೆದಾಗಿನ ಸಂಗತಿ ಬೇರೆ. ಕಟ್ಟಡಗಳ ನಕ್ಷೆ ಬರೆಯುವವನೊಬ್ಬ ತನ್ನ ತಾಯಿಯ ಹಲ್ಲಿನ ಸೆಟ್ಟು ಕೊಂಡೊಯ್ಯಲು ಕಾರ್ಖಾನೆಗೆ ಬಂದವನು, ಸೆಟ್ಟು ಸರಿಯಾಗಿದ್ದರೂ ಸರಿಯಿಲ್ಲ ಎಂಬ ನೆಪ ತೆಗೆದು ಮತ್ತೆ ಮತ್ತೆ ಬಂದ. ಕೊನೆಗೆ ತಾಯಿಯನ್ನೇ ಮನೆಗೆ ಕರೆತಂದ. ತಂಗಿಗೆ ಚಿಕ್ಕವಳಿದ್ದಾಗ ಮೂರ್ಛೆ ಬರುತ್ತಿತ್ತು. ಲಂಗ ತೊಡುವ ವಯಸ್ಸಿನಲ್ಲೇ ನಿಂತೂ ಹೋಗಿತ್ತು, ಇನ್ನು ಬರುವುದಿಲ್ಲ ಎಂದು ವೈದ್ಯರು ಹೇಳಿಯೂ ಇದ್ದರು. ಅದನ್ನು ಅವನಿಗೆ ತಾನೇ ಹೇಳಬೇಕು, ತನ್ನ ಮಾತಿನಲ್ಲಿ, ಅವನ ಮುಖ ನೋಡಿಕೊಂಡು ಹೇಳಬೇಕು ಎಂದು ಅವಳು ಬರುವ ಭಾನುವಾರವನ್ನು ಗೊತ್ತುಮಾಡಿಕೊಂಡಿದ್ದಳು. ಅಷ್ಟರಲ್ಲಿ ಆ ತಾಯಿ, ತಂಗಿ ತಾನೇ ಮಸೆದು ಕೊಟ್ಟ ಹಲ್ಲಿನಿಂದ ಬಿಸ್ಕತ್ತು ಕಡಿಯುತ್ತಾ, ಹುಡುಗಿಯ ಆರೋಗ್ಯ ಹೇಗೆ ಎಂದು, ಗಂಡನ ಮನೆಯಿಂದ ಬಂದಿದ್ದ ಅಕ್ಕನನ್ನು ಕೇಳಿದಳು. ಅಕ್ಕ ಹೇಳಿದಳು. ಏನೂ ಮುಚ್ಚಿಡಲಿಲ್ಲ. ಹಾಸಿಗೆ ಒದ್ದೆಯಾಗುತ್ತಿದ್ದುದನ್ನೂ ಬಿಡಲಿಲ್ಲ.

ನಕ್ಷೆಯವನು ಆಮೇಲೆ ಕಾರ್ಖಾನೆಯ ಬೀದಿಗೂ ಕಾಲಿಡಲಿಲ್ಲ. ತಂಗಿ ಅತ್ತು, ಕೂಗಾಡಿ, ಯಾಕೆ ಹೇಳಿದೆ ಎಂದು ಕೇಳಿದಾಗ ಅಕ್ಕ ಬಟ್ಟೆ ಮಡಿಸುತ್ತಾ ಒಂದೇ ಮಾತು ಹೇಳಿದಳು: “ಕೇಳಿದ್ರು, ಹೇಳ್ದೆ. ಸುಳ್ಳು ಹೇಳೋಕೆ ನಂಗೆ ಬರಲ್ಲ, ಗೊತ್ತಲ್ವಾ?”

ಅದಾಗಿ ಎಷ್ಟು ವರ್ಷವಾದರೂ ತಂಗಿಯ ಸಿಟ್ಟು ಆರಲಿಲ್ಲ, ಪೂರ್ತಿ ಹೊತ್ತಿಕೊಳ್ಳಲೂ ಇಲ್ಲ. ಅದಕ್ಕೆ ಕಾರಣವಿತ್ತು. ಅಕ್ಕನಿಗೆ ನಿಜಕ್ಕೂ ಸುಳ್ಳು ಹೇಳಲು ಬಾರದಿದ್ದರೆ? ಕುಂಟನಿಗೆ ಓಡಲಿಲ್ಲವೆಂದು ಬೈದ ಹಾಗಾಗುವುದಿಲ್ಲವೆ? ಈ ಅನುಮಾನ ಅವಳ ಸಿಟ್ಟಿಗೆ ನೀರು ಹಾಕುತ್ತಲೇ ಇತ್ತು. ಅಕ್ಕ ಒಂದು ಸಲ, ಒಂದೇ ಒಂದು ಸಲ, ‘ನಾನು ಬೇಕೆಂದೇ ಮಾಡಿದೆ ಕಣೇ’ ಎಂದು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ತಂಗಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ.

ಮದುವೆಯಾಗದ ತಂಗಿಗೆ ಉಳಿದದ್ದು ರಜೆಯ ದಿನಗಳು. ಅವುಗಳಲ್ಲಿ ಅವಳು ಬಸ್ಸು ಹತ್ತಿ ಬೆಟ್ಟದ ಮೇಲಿನ ಒಂದು ಕೆರೆಗೆ ಹೋಗುತ್ತಿದ್ದಳು. ಆ ಕೆರೆಯ ವಿಷಯ ಬಲ್ಲವರು ಕಡಿಮೆ. ಬಲ್ಲವರೂ ಅಲ್ಲಿಗೆ ಜೀಪು ಮಾಡಿಕೊಂಡೇ ಹೋಗಬೇಕು ಎಂದು ತಿಳಿದಿದ್ದರು, ಜೀಪಿನವರೇ ಹಾಗೆ ನಂಬಿಸಿದ್ದರು. ತಂಗಿ ಒಂದು ಪ್ಯಾಸೆಂಜರ್ ರೈಲು, ಒಂದು ಟೌನ್ ಬಸ್ಸು, ಕೊನೆಗೆ ಹಾಲಿನ ಕ್ಯಾನುಗಳ ನಡುವೆ ಇರುಕಿಕೊಂಡು ಪ್ರಯಾಣ ಮಾಡುವ ಬೆಟ್ಟದ ಬಸ್ಸು, ಹೀಗೆ ಪುಡಿಗಾಸಿನಲ್ಲಿ ಹೋಗಿ ಬರುವುದನ್ನು ಕಲಿತಿದ್ದಳು. ಬ್ರೆಡ್ಡನ್ನು ಕೆಳಗಿನ ಊರಿನಲ್ಲೇ ಕೊಳ್ಳಬೇಕು, ಬಸ್ಸಿನಲ್ಲಿ ಎಡಗಡೆ ಕೂತರೆ ಬಿಸಿಲು ಹೊಡೆಯುವುದಿಲ್ಲ, ಸ್ಟೇಷನ್ನಿನ ಹಿಂದಿನ ನಲ್ಲಿಯ ನೀರು ಸಿಹಿ. ಇವೆಲ್ಲ ಅವಳಿಗೆ ಬಾಯಿಪಾಠ. ಕೆರೆಯ ಒಂದು ಫೋಟೋ ಅವಳ ಕೆಲಸದ ಮೇಜಿನ ಮೇಲೆ, ಪ್ಲಾಸ್ಟರ್ ಅಚ್ಚುಗಳ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು.

ಒಂದು ದಿನ ಅಕ್ಕ ಕಾರ್ಖಾನೆಗೆ ಬಂದಳು. ಭಾವನ ವ್ಯಾಪಾರ ಮಕಾಡೆ ಮಲಗಿ, ಕಾರು ಮಾರಿ, ಅಕ್ಕ ಹೊಸದಾಗಿ ಕೈ ಬಿಗಿ ಹಿಡಿಯುವುದನ್ನು ಕಲಿಯುತ್ತಿದ್ದ ಕಾಲ ಅದು. ಫೋಟೋದ ಮುಂದೆ ಬಹಳ ಹೊತ್ತು ನಿಂತವಳು, ನನ್ನನ್ನೂ ಒಂದು ಸಲ ಕರ್ಕೊಂಡು ಹೋಗೇ ಎಂದಳು. ತಂಗಿ ತಿರುಗುವ ಕಲ್ಲನ್ನು ನಿಲ್ಲಿಸಿದಳು. ಬೆಟ್ಟದ ತಿರುವಿನ ಕಂಬ, ಅದಕ್ಕೆ ತೂಗುಹಾಕಿದ ತಗಡು ಅವಳ ಕಣ್ಣ ಮುಂದೆ ಬಂದವು. ಆಗಲಿ ಅಕ್ಕ, ಹೋಗೋಣ ಎಂದಳು.

ಆ ತಗಡಿನ ವಿಷಯ ಇಲ್ಲೇ ಹೇಳಿಬಿಡಬೇಕು. ಬೆಳಗಿನ ಬಸ್ಸು ಕೆರೆಯವರೆಗೆ ಹೋಗುವುದಿಲ್ಲ. ಕವಲು ರಸ್ತೆಯ ತಿರುವಿನಲ್ಲಿ ಜನರನ್ನು ಇಳಿಸಿ ತನ್ನ ಪಾಡಿಗೆ ಮುಂದಿನ ಹಳ್ಳಿಗೆ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ನಡೆಯಬೇಕು. ತಿರುವಿನ ಕಂಬದಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ತಗಡು ತೂಗುತ್ತದೆ. ಒಂದು ಮಗ್ಗುಲು ಕೆಂಪು, ಇನ್ನೊಂದು ಬಿಳಿ. ಮೇಲೆ ಹೋಗುವವರು ಕೆಂಪನ್ನು ರಸ್ತೆಗೆ ಕಾಣುವಂತೆ ತಿರುಗಿಸಿ ಹೋಗಬೇಕು. ನಡೆದೇ ಇಳಿದು ಬಂದವರು, ಮೇಲೆ ಯಾರೂ ಉಳಿದಿಲ್ಲ ಎಂದು ಗೊತ್ತಿದ್ದರೆ, ಬಿಳಿಗೆ ತಿರುಗಿಸಬೇಕು. ಸಂಜೆಯ ಕೊನೆಯ ಬಸ್ಸಿನವನು ಕೆಂಪು ಕಂಡರೆ ಮಾತ್ರ ಆ ಕಡಿದಾದ ರಸ್ತೆ ಹತ್ತಿ ಕೆರೆಯ ದಡದವರೆಗೂ ಹೋಗಿ ಜನರನ್ನು ಕರೆತರುತ್ತಾನೆ. ಬಿಳಿ ಕಂಡರೆ ಅಲ್ಲಿಂದಲೇ ಇಳಿದು ಹೋಗುತ್ತಾನೆ. ಇದಕ್ಕೆ ಕಾನೂನಿಲ್ಲ, ಕಾವಲಿಲ್ಲ. ಆದರೆ ಬೆಟ್ಟದ ಜನ ಆ ತಗಡಿನ ಮಾತನ್ನು ಯಾರೂ ಮೀರುವುದಿಲ್ಲ. ಹಿಂದೆ ಒಬ್ಬ ಹುಡುಗಾಟಕ್ಕೆ ತಗಡು ತಿರುಗಿಸಿದ್ದರಿಂದ, ಮೇಲಿದ್ದ ಕುರಿಗಾಹಿ ಚಳಿಗೆ ಸೆಟೆದು ಸತ್ತಿದ್ದ. ತಿರುಗಿಸಿದವನು ಜೈಲಿನಿಂದ ಬಂದ ಮೇಲೂ ಅವನನ್ನು ಯಾವ ಬಸ್ಸೂ ಹತ್ತಿಸಿಕೊಳ್ಳಲಿಲ್ಲ, ಯಾವ ಅಂಗಡಿಯೂ ಅವನಿಗೆ ಒಂದು ಬೆಂಕಿಪೊಟ್ಟಣ ಮಾರಲಿಲ್ಲ. ಆಮೇಲೆ ಕೆರೆಯ ಪಕ್ಕದಲ್ಲಿ ಕಲ್ಲಿನ ಗುಡಿಸಲು ಕಟ್ಟಿ, ಸೌದೆ, ಕಂಬಳಿ ಇಟ್ಟರು.

ಆ ಗುಡಿಸಲು ಇದೆ ಎಂಬುದು ತಂಗಿಗೆ ಗೊತ್ತಿತ್ತು. ಕೊಲ್ಲುವ ಉದ್ದೇಶ ಅವಳಿಗಿರಲಿಲ್ಲ. ಅವಳ ಪರವಾಗಿ ಹೇಳಬಹುದಾದದ್ದು ಅಷ್ಟೆ.

ಹೊರಟ ದಿನ ಅಕ್ಕ ರೈಲಿನ ಸೀಟಿನ ಮೇಲೆ ಕರ್ಚೀಫು ಹಾಸಿ ಕೂತಳು. ಎದುರಿಗೆ ಕೂತಿದ್ದ ಹೆಂಗಸು ಹೊಸ ಟೋಪಿ ಹಾಕಿಕೊಂಡು, ನನಗೆ ಒಪ್ಪುತ್ತಾ ಎಂದು ಸುಮ್ಮನೆ ಮಾತಿಗೆ ಕೇಳಿದಳು. ಒಪ್ಪಲ್ಲ ಎಂದಳು ಅಕ್ಕ. ಆ ಹೆಂಗಸು ಮುಂದಿನ ನಿಲ್ದಾಣದವರೆಗೂ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ತಂಗಿಗೆ ನಗುವೂ ಬಂತು, ಮೈಯೂ ಉರಿಯಿತು. ಬೆಟ್ಟದ ಬಸ್ಸಿನಲ್ಲಿ ಅಕ್ಕ ಹಾಲಿನ ಕ್ಯಾನಿಗೆ ಮಂಡಿ ತಾಗಿಸಿಕೊಂಡು, ಎಷ್ಟು ಕಡಿಮೆ ದುಡ್ಡಿಗೆ ಎಷ್ಟು ದೂರ ಬಂದೆವಲ್ಲ ಎಂದು ಬೆರಗಾದಳು. ಎಲ್ಲ ನಿನ್ನಿಂದ ಕಲೀಬೇಕು ಎಂದಳು. ಆ ಹೊಗಳಿಕೆ ಸುಳ್ಳಲ್ಲ ಎಂದು ತಂಗಿಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಚುಚ್ಚಿತು.

ತಿರುವಿನಲ್ಲಿ ಇಳಿದರು. ತಂಗಿ ತಗಡನ್ನು ಕೆಂಪಿಗೆ ತಿರುಗಿಸಿದಳು. ಇದು ಯಾಕೆ ಎಂದು ಅಕ್ಕ ಕೇಳಿದ್ದಕ್ಕೆ, ಇದ್ದದ್ದನ್ನು ಇದ್ದ ಹಾಗೆಯೇ ಬಿಡಿಸಿ ಹೇಳಿದಳು. ಸತ್ತ ಕುರಿಗಾಹಿಯ ಕತೆಯನ್ನೂ ಹೇಳಿದಳು. ಅಯ್ಯೋ ಪಾಪ ಎಂದಳು ಅಕ್ಕ.

ಕೆರೆ ಯಾವತ್ತಿನ ಹಾಗೇ ಇತ್ತು. ಮೂರು ಕಡೆ ಬೋಳು ಬೆಟ್ಟ, ನಡುವೆ ತಳದ ಕಲ್ಲುಗಳು ಕಾಣುವಷ್ಟು ತಿಳಿಯಾದ ತಣ್ಣನೆ ನೀರು. ಒಂದು ನರಪಿಳ್ಳೆಯೂ ಇಲ್ಲ. ಫೋನಿಗೆ ಸಿಗ್ನಲ್ಲೂ ಇಲ್ಲ. ಅಕ್ಕ ಚಪ್ಪಲಿ ಬಿಟ್ಟು ನೀರಿಗೆ ಕಾಲು ಇಳಿಸಿ ಕಿರುಚಿ, ನಕ್ಕು, ಆಮೇಲೆ ಯಾಕೋ ಕಣ್ಣೊರೆಸಿಕೊಂಡಳು. ಭಾವನ ಸಾಲಗಾರರು ಮನೆಗೆ ಬಂದು ಕೂರುತ್ತಿದ್ದಾರೆ, ಈ ವರ್ಷದಲ್ಲಿ ಮೊದಲ ಸಲ ಎದೆ ಹಗುರವಾಯಿತು ಎಂದಳು. ತಂಗಿ ಮೊಟ್ಟೆ ಸುಲಿಯುತ್ತಾ ಕೇಳಿಸಿಕೊಂಡಳು. ಎದೆ ಕರಗಲಿಲ್ಲ ಎಂದೇನಲ್ಲ, ಒಂದು ಚೂರು ಕರಗಿತು. ಅದಕ್ಕೆ ಅಕ್ಕನಿಗೆ ಒಂದು ಅವಕಾಶ ಕೊಡೋಣ ಎನ್ನಿಸಿತು. ಸರಿಯಾದ ಉತ್ತರ ಬಂದರೆ ತಗಡು ಕೆಂಪಾಗಿಯೇ ಇರಲಿ, ಇಬ್ಬರೂ ಒಟ್ಟಿಗೆ ಮನೆಗೆ ಹೋಗೋಣ.

“ಅಕ್ಕ, ಅವತ್ತು ಅವನ ತಾಯಿ ಹತ್ರ ಯಾಕೆ ಹೇಳ್ದೆ?”

ಯಾರ ತಾಯಿ ಎಂದು ಅಕ್ಕ ಕೇಳಲಿಲ್ಲ. ತಕ್ಷಣ ಗೊತ್ತಾಗಿತ್ತು. ಮೊಟ್ಟೆಗೆ ಉಪ್ಪು ಉದುರಿಸಿಕೊಂಡಳು.

“ಇನ್ನೂ ಅದೇನಾ? ಕೇಳಿದ್ರು, ಹೇಳ್ದೆ. ಸುಳ್ಳು ಹೇಳೋಕೆ ನಂಗೆ ಬರಲ್ವೇ. ಅದಕ್ಕೆ ನಾನೇನು ಮಾಡ್ಲಿ?”

ತಂಗಿ ಕೈ ತೊಳೆದುಕೊಂಡು ಎದ್ದಳು. ಕೆಳಗಿನ ಹಳ್ಳಿಯವಳೊಬ್ಬಳ ಹತ್ತಿರ ಸ್ವಲ್ಪ ಕೆಲಸವಿದೆ, ನಾನು ಮೊದಲು ಇಳಿದಿರುತ್ತೇನೆ, ನಿನ್ನ ಮಂಡಿಗೆ ಯಾಕೆ ಸುಮ್ಮನೆ ಶಿಕ್ಷೆ, ಬಸ್ಸು ಇಲ್ಲಿಗೇ ಬರುತ್ತಲ್ಲ, ಹತ್ತಿಕೊಂಡು ಬಾ, ತಿರುವಿನಲ್ಲಿ ನಾನೂ ಹತ್ತುತ್ತೇನೆ ಎಂದಳು. ಅಕ್ಕ ತಲೆಯಾಡಿಸಿದಳು. ತಂಗಿ ಹೋಗುವಾಗ ಗುಡಿಸಲಿನ ಒಳಗೆ ಇಣುಕಿ ಸೌದೆ, ಕಂಬಳಿ, ಬೆಂಕಿಪೊಟ್ಟಣ ಇವೆಯೇ ಎಂದು ನೋಡಿದಳು. ಉಳಿದ ಬ್ರೆಡ್ಡನ್ನು ಬಾಗಿಲ ಹಿಂದೆ ಇಟ್ಟಳು.

ತಿರುವಿಗೆ ಬಂದು ತಗಡಿಗೆ ಕೈ ಹಾಕಿದಳು. ಬಿಳಿ ಮಗ್ಗುಲು ರಸ್ತೆಗೆ ಬಂತು. ಸಂಜೆಯ ಬಸ್ಸಿನ ಡ್ರೈವರು ಬೇರೆಯವನು, ಬೆಳಿಗ್ಗೆ ಬಂದವರು ಎಷ್ಟು ಜನ ಎಂದು ಅವನಿಗೆ ಗೊತ್ತಿಲ್ಲ. ಮೇಲೆ ಯಾರಾದರೂ ಇದ್ದಾರಾ ಎಂದು ಅವನು ಕೇಳಿದರೆ ಹೇಳಲು ತಂಗಿ ಒಳ್ಳೆಯ ಸುಳ್ಳೊಂದನ್ನು ತಯಾರು ಮಾಡಿಟ್ಟುಕೊಂಡಿದ್ದಳು. ಅವನು ತಗಡನ್ನು ನೋಡಿದ, ಅವಳನ್ನು ಹತ್ತಿಸಿಕೊಂಡ, ಬಸ್ಸು ತಿರುಗಿಸಿದ. ಏನೂ ಕೇಳಲಿಲ್ಲ. ಆಗಲೇ ನಾಳೆ ಅಕ್ಕನಿಗೆ ಹೇಳಬೇಕಾದ ಮಾತು ತಂಗಿಗೆ ಹೊಳೆದದ್ದು: ‘ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.’ ಆ ಮಾತನ್ನು ಅವಳು ದಾರಿಯುದ್ದಕ್ಕೂ ನಾಲಗೆಯ ಮೇಲೆ ಹೊರಳಿಸುತ್ತಾ ಚಪ್ಪರಿಸಿದಳು.

ಕೆಳಗಿನ ಊರಿನಿಂದ ಭಾವನಿಗೆ ಫೋನು ಮಾಡಿ, ಬಸ್ಸು ತಪ್ಪಿತು, ಇಬ್ಬರೂ ಇಲ್ಲೇ ಉಳಿಯುತ್ತೇವೆ ಎಂದಳು. ಸ್ಟೇಷನ್ನಿನ ಹೆಂಗಸರ ಕೋಣೆಯ ಬೆಂಚಿನ ಮೇಲೆ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿದಳು. ನಿದ್ದೆ ಬರಲಿಲ್ಲ, ಪಶ್ಚಾತ್ತಾಪದಲ್ಲಿ ಹೊರಳಾಡಿದಳು ಎಂದರೆ ಕೇಳುವವರಿಗೆ ಸಮಾಧಾನವಾಗುತ್ತದೆ. ಆದರೆ ಅವಳಿಗೆ ಸೊಗಸಾದ ನಿದ್ದೆ ಬಂತು.

ಬೆಳಿಗ್ಗೆ ಹಾಲಿನ ಬಸ್ಸು ಹತ್ತಿದಾಗ ಡ್ರೈವರು ಕನ್ನಡಿಯಲ್ಲಿ ಅವಳನ್ನೇ ನೋಡಿದ. ನಿನ್ನೆ ಇವನೇ ಇಬ್ಬರನ್ನೂ ತಿರುವಿನಲ್ಲಿ ಇಳಿಸಿದ್ದು. ಒಬ್ಬಳೇ ಮತ್ತೆ ಮೇಲೆ ಹೊರಟಿದ್ದಾಳೆ, ಯಾಕೆ ಎಂಬ ಪ್ರಶ್ನೆ ಅವನ ಹುಬ್ಬಿನಲ್ಲೇ ಇತ್ತು. ತಂಗಿ ಎಡಗಡೆ ಕಿಟಕಿಯ ಹೊರಗೆ ನೋಡತೊಡಗಿದಳು. ಇಷ್ಟು ದೂರ ಯೋಚಿಸಿದವಳು ಇವನನ್ನು ಮಾತ್ರ ಮರೆತಿದ್ದಳು.

ತಿರುವಿನಲ್ಲಿ, ಕಂಬದ ಪಕ್ಕದ ಕಲ್ಲಿನ ಮೇಲೆ ಅಕ್ಕ ಕೂತಿದ್ದಳು. ಗುಡಿಸಲಿನ ಕಂಬಳಿ ಹೊದ್ದಿದ್ದಳು. ಕೂದಲಿಗೆ, ಕೆನ್ನೆಗೆ ಬೂದಿ ಮೆತ್ತಿತ್ತು, ತುಟಿ ಒಡೆದಿತ್ತು. ಒಂದೇ ರಾತ್ರಿಗೆ ಅಮ್ಮನ ಮುಖವೇ ಬಂದುಬಿಟ್ಟಿತ್ತು ಅವಳಿಗೆ. ತಲೆಯ ಮೇಲೆ ತಗಡು, ಬಿಳಿ ಮಗ್ಗುಲು.

ಡ್ರೈವರು ಎಂಜಿನ್ ಆರಿಸಿ ಇಳಿದ. ಕಂಡಕ್ಟರು ಇಳಿದ. ಹಾಲಿನ ಹೆಂಗಸರಿಬ್ಬರು ಬಾಗಿಲಲ್ಲಿ ನಿಂತರು. ತಂಗಿ ಇಳಿಯಬೇಕಾಗಿತ್ತು, ಇಳಿದಳು.

“ಇವರು ರಾತ್ರಿಯೆಲ್ಲ ಮೇಲಿದ್ರು ಅಂತಾಯ್ತು,” ಎಂದ ಡ್ರೈವರು. ಮಾತು ಅಕ್ಕನಿಗಲ್ಲ, ತಂಗಿಗೆ. “ತಗಡು ಬಿಳಿ ಇದೆ. ತಿರುಗಿಸಿದ್ದು ಯಾರು?”

ಜೀವಮಾನವಿಡೀ ತಂಗಿಯ ಕೈಹಿಡಿದಿದ್ದ ಸುಳ್ಳು ಸಮಯಕ್ಕೆ ಸರಿಯಾಗಿ ಕೈಕೊಟ್ಟಿತು. ಮುಂದಿನ ಹಳ್ಳಿಯಲ್ಲಿ ಪೊಲೀಸ್ ಚೌಕಿ ಇದೆ, ಅಲ್ಲೇ ಕೇಳೋಣ ಎಂದ ಕಂಡಕ್ಟರು. ಹಾಲಿನ ಹೆಂಗಸೊಬ್ಬಳು ತಂಗಿಯನ್ನು ಹಾವು ನೋಡುವ ಹಾಗೆ ನೋಡುತ್ತಿದ್ದಳು. ಇನ್ನೇನು, ಸತ್ಯ ಹೇಳುವವಳು ಕಲ್ಲಿನ ಮೇಲೆ ಕೂತೇ ಇದ್ದಾಳೆ. ಅವಳನ್ನು ಕೇಳಿದರೆ ಆಯಿತು. ಕೇಳಿದರೆ ಹೇಳುತ್ತಾಳೆ. ಹಾಸಿಗೆ ಒದ್ದೆಯಾದದ್ದನ್ನೂ ಬಿಡುವವಳಲ್ಲ.

ಡ್ರೈವರು ಅಕ್ಕನ ಕಡೆ ತಿರುಗಿದ. “ನೀವು ಹೇಳಿ ತಾಯಿ. ಯಾರು?”

“ನಾನೇ ಕಣಪ್ಪ,” ಎಂದಳು ಅಕ್ಕ.

ಅವಳು ಕಂಬಳಿ ಸರಿಮಾಡಿಕೊಂಡು, ನಡುನಡುವೆ ಕೆಮ್ಮುತ್ತಾ ಹೇಳಿದಳು. ಇಬ್ಬರೂ ಜೊತೆಗೇ ಇಳಿದು ಬಂದೆವು, ತಗಡನ್ನು ಬಿಳಿಗೆ ತಿರುಗಿಸಿದ್ದು ನಾನು. ಆಮೇಲೆ ಕನ್ನಡಕವನ್ನು ದಡದಲ್ಲೇ ಬಿಟ್ಟು ಬಂದದ್ದು ನೆನಪಾಯಿತು. ತಂಗಿ ನಾನೂ ಬರುತ್ತೇನೆ ಎಂದಳು, ನಾನೇ ಬೇಡ ಎಂದೆ. ಜೀಪಿನವನೊಬ್ಬ ಗುರುತಿನವನು ಬರುತ್ತಾನೆ, ಅವನ ಜೊತೆ ಇಳಿಯುತ್ತೇನೆ, ನೀನು ಬಸ್ಸು ಹತ್ತು ಎಂದು ಒತ್ತಾಯ ಮಾಡಿ ಕಳಿಸಿದೆ. ಅವಳಿಗೆ ಇಷ್ಟವೇ ಇರಲಿಲ್ಲ. ತಗಡನ್ನು ಮತ್ತೆ ಕೆಂಪು ಮಾಡಬೇಕಿತ್ತು, ನನ್ನ ಹಾಳು ತಲೆಗೆ ಹೊಳೆಯಲಿಲ್ಲ. ಜೀಪೂ ಬರಲಿಲ್ಲ. ಇಷ್ಟು ಹೇಳಿ ಅಕ್ಕ ಸ್ವೆಟರಿನ ಜೇಬಿನಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು.

ಸುಳ್ಳಿನಲ್ಲಿ ಪಳಗಿದವಳು ತಂಗಿ. ಒಳ್ಳೆಯ ಸರಕು ಕಂಡರೆ ಅವಳಿಗೆ ಗೊತ್ತಾಗುತ್ತದೆ. ಇದರಲ್ಲಿ ಒಂದು ಎಳೆ ಸಡಿಲವಿರಲಿಲ್ಲ. ತಂಗಿ ಬಸ್ಸಿನಲ್ಲಿ ಒಬ್ಬಳೇ ಹೋದದ್ದಕ್ಕೆ ಕಾರಣವಿತ್ತು, ಬೆಳಿಗ್ಗೆ ಓಡಿಬಂದದ್ದಕ್ಕೆ ಕಾರಣವಿತ್ತು, ತಪ್ಪೆಲ್ಲ ಹೇಳುವವಳ ಮೇಲೇ ಇತ್ತು. ಕಣ್ಣು ಮಿಟುಕಲಿಲ್ಲ, ದನಿ ಏರಲಿಲ್ಲ. ಇದು ಮೊದಲ ಸಲ ಸುಳ್ಳು ಹೇಳುವವರ ಕೆಲಸವಲ್ಲ.

ಡ್ರೈವರು ಅಕ್ಕನಿಗೆ ಚೆನ್ನಾಗಿ ಉಗಿದ. ಇಷ್ಟು ವಯಸ್ಸಾಗಿದೆ, ಒಂದು ತಗಡು ತಿರುಗಿಸಲು ಬರುವುದಿಲ್ಲವೇ ಎಂದ. ವಾಪಸು ಬರುವಾಗ ಕರೆದುಕೊಂಡು ಹೋಗುತ್ತೇನೆ, ಆದರೆ ಇದೇ ಕೊನೆ, ಇನ್ನು ನೀವು ನಮ್ಮ ಬಸ್ಸು ಹತ್ತಬೇಡಿ ಎಂದ. ಅಕ್ಕ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಬಸ್ಸು ಹಳ್ಳಿಯ ಕಡೆ ಹೋಯಿತು. ಹಾಲಿನ ಹೆಂಗಸು ಹೋಗುವಾಗ ತಂಗಿಯನ್ನು ನೋಡಿ, ಪಾಪ ಎಂದಳು.

ಅಕ್ಕ ತಂಗಿ ಇಬ್ಬರೇ ಉಳಿದರು. ತಂಗಿ ಚೀಲದಿಂದ ನೀರು ತೆಗೆದುಕೊಟ್ಟಳು, ಅಕ್ಕ ಕುಡಿದಳು. ಯಾಕೆ ಹೀಗೆ ಮಾಡಿದೆ ಎಂದು ಅವಳು ಕೇಳಲೇ ಇಲ್ಲ. ‘ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ’ ಎಂಬ ಮಾತು ತಂಗಿಯ ನಾಲಗೆಯ ಮೇಲೆ ಹಳಸಿ ಹೋಯಿತು. ತಂಗಿ ಕೇಳಿದ್ದು ಬೇರೆ.

“ನಿಂಗೆ ಸುಳ್ಳು ಹೇಳೋಕೆ ಬರುತ್ತಾ?”

“ಪೊಲೀಸ್ರು ಅಂದ್ರಲ್ಲೇ. ನಿನ್ನ ಬಿಡ್ತಿರ್ಲಿಲ್ಲ ಅವರು.”

“ನಾನು ಅದನ್ನ ಕೇಳ್ಲಿಲ್ಲ. ಬರುತ್ತಾ?”

ಅಕ್ಕ ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಿದಳು, ಮತ್ತೆ ಸಡಿಲ ಮಾಡಿದಳು. “ಬರುತ್ತೆ,” ಎಂದಳು.

“ಯಾವಾಗಿಂದ?”

“ಮೊದ್ಲಿಂದ್ಲೂ.”

“ಹಾಗಾದ್ರೆ ಅವತ್ತು?”

ಅಕ್ಕ ಕೆಳಗಿನ ಕಣಿವೆಯ ಕಡೆ ಮುಖ ತಿರುಗಿಸಿದಳು. “ಅವನು ನಿನ್ನ ನೋಡ್ತಿದ್ನಲ್ಲ, ನಿಮ್ಮ ಭಾವ ನನ್ನ ಒಂದಿನಾನೂ ಹಾಗೆ ನೋಡಿರ್ಲಿಲ್ಲ. ಆಯಮ್ಮ ಕೇಳ್ದಾಗ, ಹುಡುಗಿ ಗುಂಡುಕಲ್ಲಿನ ಹಾಗಿದಾಳೆ ಅನ್ನೋ ಮಾತು ಬಾಯಿ ತುದೀಲೇ ಇತ್ತು ಕಣೇ. ಹೇಳ್ಲಿಲ್ಲ. ಬೇಕಂತ್ಲೇ ಹೇಳ್ಲಿಲ್ಲ.”

ಇಷ್ಟು ವರ್ಷ ಕಾದ ಮಾತು ಬಂದಿತ್ತು. ಅದು ಬಂದ ಮೇಲೆ ಅಕ್ಕನನ್ನು ತಬ್ಬಿಕೊಂಡು ಅತ್ತುಬಿಡುತ್ತೇನೆ ಎಂದು ತಂಗಿ ಎಷ್ಟೋ ಸಲ ಅಂದುಕೊಂಡಿದ್ದಳು. ಅಳು ಬರಲಿಲ್ಲ. ಕುಂಟನಲ್ಲ ಇವಳು, ಕುದುರೆಯ ಹಾಗೆ ಓಡಬಲ್ಲವಳು, ಬೇಕೆಂದೇ ಕೂತವಳು. ಈ ದಿನದವರೆಗೆ ಸಿಟ್ಟಿಗೆ ಬೆರೆತಿದ್ದ ಅನುಮಾನವನ್ನು ಅಕ್ಕನೇ ತನ್ನ ಕೈಯಾರೆ ತೆಗೆದುಹಾಕಿದ್ದಳು. ಅದೂ ತಂಗಿಯನ್ನು ಉಳಿಸಲು ಹೋಗಿ.

“ರಾತ್ರಿ ಚಳಿ ಇತ್ತಾ?” ಎಂದು ಕೇಳಿದಳು ತಂಗಿ.

“ತುಂಬಾ ಇತ್ತು. ಸೌದೆ ಹಸಿ. ಸತ್ತೇಹೋಗ್ತೀನಿ ಅಂದ್ಕೊಂಡೆ.”

“ಇನ್ನೊಂದು ರಾತ್ರಿ ಬಿಡಬೇಕಿತ್ತು.”

ಅಕ್ಕ ಅವಳ ಮುಖ ನೋಡಿದಳು. ಸುಳ್ಳು ಯಾವುದು, ನಿಜ ಯಾವುದು ಎಂದು ಅವಳಿಗೂ ಚೆನ್ನಾಗಿ ತಿಳಿಯುತ್ತಿತ್ತು. ಹೂಂ ಎಂದಳು.

ಬಸ್ಸು ವಾಪಸು ಬಂತು. ಅಕ್ಕ ಹತ್ತಿ, ನೆರಳಿನ ಕಡೆಯ ಸೀಟಿನಲ್ಲಿ ಕೂತು, ಪಕ್ಕದಲ್ಲಿದ್ದ ಯಾರದೋ ಗಂಟನ್ನು ಸರಿಸಿ ತಂಗಿಗೆ ಜಾಗ ಮಾಡಿದಳು. ತಂಗಿ ಅವಳನ್ನು ದಾಟಿಕೊಂಡು ಹೋಗಿ, ಕಟ್ಟಕಡೆಯ ಸೀಟಿನಲ್ಲಿ, ಬಿಸಿಲು ಬೀಳುವ ಕಡೆ ಒಬ್ಬಳೇ ಕೂತಳು.